ಹುಲಿಗೆಮ್ಮನ ನಲವತ್ತು ಬೇನಿಶಾ ಮರಗಳು

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಹೊಸಪೇಟೆಯ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, "ಮೇಡಂ, ಫೀಲ್ಡ್ ಕೆಲಸ ಅಂದ್ರ ಹೆಂಗಿರ್ತೈತಿ?" ಅಂತ ಕೇಳುತ್ತಾರೆ. ನಾನು ಬಾಯಲ್ಲಿ ಉತ್ತರ ಕೊಡುವ ಮೊದಲು ಅವರ ಕೈ ನೋಡುತ್ತೇನೆ. ಮಾವಿನ ಕಾಲದಲ್ಲಿ ಮಾವಿನ ಸೊನೆ ತಾಗಿ ಕಪ್ಪಾಗದ ಕೈ ಇದ್ದರೆ ಅವರು ಇನ್ನೂ ಕೆಲಸ ಶುರು ಮಾಡಿಲ್ಲ ಅಂತಲೇ ಲೆಕ್ಕ. ಇದು ನನ್ನ ಸ್ವಂತ ಬುದ್ಧಿಯಲ್ಲ, ನಮ್ಮ ಹಿರಿಯ ಸಾಹೇಬರಿಂದ ಬಂದದ್ದು. ಅವರು ಪ್ರತಿ ಸೋಮವಾರ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಶಾಲೆಯ ಮಕ್ಕಳ ಉಗುರು ನೋಡುವ ಮಾಸ್ತರರ ಹಾಗೆ ಕೈ ನೋಡುತ್ತಿದ್ದರು. ಮೊದಮೊದಲು ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಕಂಪ್ಲಿಯ ನನ್ನ ತವರಿನವರೆಲ್ಲ ಹೇಳುತ್ತಾರೆ, ಅದು ಸುಳ್ಳೇನಲ್ಲ.

ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗ ಆಯಿತು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಯಾರಿಗೂ ಬೇಡದ ಪುಸ್ತಕ ಅದು. ಮಾವಿನಹಣ್ಣಿನ ಕೊಳೆ ನನಗೆ ಕಲಿಸಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲ ಪಾಠ ಆದದ್ದು ಹಂಪಿ ಬಜಾರಿನಲ್ಲಿ. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಕಲ್ಲಿನ ಮಂಟಪದ ನೆರಳಲ್ಲಿ ಈರಮ್ಮ ಎಂಬ ಹೆಂಗಸು ಹಣ್ಣು ಮಾರುತ್ತಿದ್ದಳು. ಬುಟ್ಟಿಯಲ್ಲಿ ನಾಲ್ಕಾರು ಹಣ್ಣು ಕಪ್ಪಾಗಿದ್ದವು. ನಾನು ಅಲ್ಲೇ ನಿಂತು ಅವಳಿಗೆ ದೊಡ್ಡ ಭಾಷಣ ಬಿಗಿದೆ. ಕೆಟ್ಟದ್ದನ್ನು ಆರಿಸಿ ತೆಗೆದರೆ ಉಳಿದದ್ದು ಕೆಡುವುದಿಲ್ಲ ಅಂತ ಹೇಳಿದೆ. ಅವಳು ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ನೀವ ಆರಿಸಿ ಕೊಡ್ರಿ, ಹತ್ತು ಚಲೋ ಹಣ್ಣು. ನಾಕು ದಿನ ಬಿಟ್ಟು ಬರ್ರಿ" ಅಂದಳು. ಒಂದು ಚುಕ್ಕೆಯೂ ಇಲ್ಲದ, ಗಟ್ಟಿಯಾದ ಹತ್ತು ಕಾಯಿ ಆರಿಸಿ ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದಾಗ ಆರು ಹಣ್ಣಿನ ಮೈಮೇಲೆ ಕರೀ ಚುಕ್ಕೆ, ಅದರಲ್ಲಿ ಎರಡರ ತೊಟ್ಟಿನ ಸುತ್ತ ಮೆತ್ತಗೆ ಕೊಳೆ. "ನಾಪಾಸ್ ಆದ್ರಿ ಮೇಡಂ" ಅಂತ ಈರಮ್ಮ ನಕ್ಕಳು. ಅಕ್ಕಪಕ್ಕದ ಅಂಗಡಿಯವರೂ ನಕ್ಕರು. ನಾನು ಮುಖ ಊದಿಸಿಕೊಂಡು ಬಸ್ ಹತ್ತಿದೆ.

ಪುಸ್ತಕದಲ್ಲಿ ಓದಿದ್ದು ಅವತ್ತು ತಲೆಗೆ ಇಳಿಯಿತು. ನಮ್ಮ ಕಡೆ ಚಿಬ್ಬು ರೋಗ ಅನ್ನುವ ಈ ಕರೀ ಚುಕ್ಕೆಯ ಬೂಷ್ಟು ಕಾಯಿ ಚಿಕ್ಕದಿರುವಾಗಲೇ ಸಿಪ್ಪೆಯೊಳಗೆ ಸೇರಿಕೊಂಡು ಸುಮ್ಮನೆ ಮಲಗಿರುತ್ತದೆ. ಹಣ್ಣಾಗುವಾಗ ಎದ್ದು ಕೂರುತ್ತದೆ. ತೊಟ್ಟು ಕೊಳೆಯೂ ಹಾಗೆಯೇ. ಆದ್ದರಿಂದ ಬುಟ್ಟಿಯಲ್ಲಿ ಕಂಡ ಕೊಳೆಗೆ ಮದ್ದು ಮರದಲ್ಲಿ ಶುರುವಾಗಬೇಕು, ಕೊಯ್ಲಾದ ಮೇಲೂ ಬಿಡಬಾರದು.

ಇಷ್ಟು ತಿಳಿದುಕೊಂಡು ನಾನು ಸಂಡೂರು ತಾಲೂಕಿನ ಬಂಡ್ರಿಗೆ ಹೋದೆ. ಆಗ ಮೈನಿಂಗ್ ಭರಾಟೆಯ ಕಾಲ. ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಗಳ ಸಾಲಿಗೆ ತುದಿ ಮೊದಲು ಇರುತ್ತಿರಲಿಲ್ಲ. ಬಿಳೀ ಸೀರೆ ಉಟ್ಟು ಹೊಸಪೇಟೆಯಲ್ಲಿ ಬಸ್ ಹತ್ತಿದರೆ ಬಂಡ್ರಿಯಲ್ಲಿ ಇಳಿಯುವಾಗ ಕಾವಿ ಸೀರೆ. ರಸ್ತೆಯ ಪಕ್ಕದ ಹೊಲಗಳವರು ಅದಿರು ರಾಶಿ ಹಾಕಲು ಜಾಗ ಬಾಡಿಗೆಗೆ ಕೊಡುತ್ತಿದ್ದರು. ಅದನ್ನು ಎಲ್ಲರೂ ಯಾರ್ಡ್ ಅನ್ನುತ್ತಿದ್ದರು. ಹುಲಿಗೆಮ್ಮನ ತೋಟ ಅಂಥ ಎರಡು ಯಾರ್ಡುಗಳ ನಡುವೆ ಇತ್ತು, ನಲವತ್ತು ಬೇನಿಶಾ ಮಾವಿನ ಮರ. ಮದುವೆಯಾಗಿ ಬಂದ ವರ್ಷ ಅವಳೇ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳವು. ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದಳು. ಕಾಯಿ ಕಡಿಮೆ ಬಿಡುವ ಮರವೊಂದಕ್ಕೆ ಗಂಡನ ಹೆಸರೇ ಇತ್ತು, ಆದರೆ ಗಂಡನ ಹೆಸರು ಹೇಳಬಾರದಲ್ಲ, ಹಾಗಾಗಿ ಬೆರಳು ಮಾಡಿ ತೋರಿಸುತ್ತಿದ್ದಳು.

ಗಂಡ ಗಾಳೆಪ್ಪ ಗಣಿಯೊಂದರಲ್ಲಿ ಸೂಪರ್ವೈಜರ್ ಕೈಕೆಳಗೆ ಕೆಲಸಕ್ಕಿದ್ದ. ಮೂರು ವರ್ಷದಿಂದ ಹಣ್ಣೆಲ್ಲ ಹೊಸಪೇಟೆ ಮಾರ್ಕೆಟ್ಟಿಗೆ ಹೋಗಿ ಕಪ್ಪಾಗಿ, ವ್ಯಾಪಾರಸ್ಥರು ಬಂಡ್ರಿಯ ಹಣ್ಣು ಅಂದರೆ ಮುಖ ತಿರುಗಿಸುತ್ತಿದ್ದರು. ನಾನು ಮೊದಲ ದಿನ ಹೋದಾಗ ಗಂಡ ಹೆಂಡತಿ ಇಬ್ಬರೂ ಜಗಳದ ನಡುವೆ ಇದ್ದರು.

"ಈಕಿಗೆ ಎಷ್ಟ ಹೇಳಿದ್ರೂ ತಲಿಗಿ ಹೋಗವಲ್ದು ಮೇಡಂರ" ಅಂದ ಗಾಳೆಪ್ಪ. "ಆ ಕಡಿ ಯಾರ್ಡು, ಈ ಕಡಿ ಯಾರ್ಡು. ನಡಕ ನಾವು ಕೊಳತ ಹಣ್ಣು ಇಟಗೊಂಡು ಕುಂತೀವಿ. ಮರ ಕಡಸಿ ನಾವೂ ಯಾರ್ಡಿಗಿ ಕೊಡೂನು ಅಂದ್ರ ಅಳ್ತಾಳ."

"ಅಳೂದಿಲ್ಲ, ಬಯ್ತೀನಿ" ಅಂದಳು ಹುಲಿಗೆಮ್ಮ. "ನನ್ನ ಮರ ಕಡಿಯೋರು ಮೊದಲ ನನ್ನ ಕಡೀಲಿ."

ನನಗೂ ಏನನ್ನಿಸಿತೋ, "ಒಂದು ವರ್ಷ ನನ್ನ ಮಾತು ಕೇಳ್ರಿ. ಮುಂದಿನ ಸಲ ಹಣ್ಣು ಕೆಡೂದಿಲ್ಲ" ಅಂತ ಬಾಯಿ ಹಾಕಿಬಿಟ್ಟೆ. ಗಾಳೆಪ್ಪ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಆತು. ಒಂದು ವರ್ಷ. ಕೆಡಲಿಲ್ಲಂದ್ರ ಮರದ ಸುದ್ದಿ ಎತ್ತೂದಿಲ್ಲ. ಕೆಟ್ರ ನೀವ ಈಕಿಗೆ ಸಮಾಧಾನ ಹೇಳಬೇಕು" ಅಂದ. ಹುಲಿಗೆಮ್ಮ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಣಗಿದ ಟೊಂಗೆ ಕಡಿದು ಸುಡುವ ಕೆಲಸ ಹಚ್ಚಿದೆ. ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ರತಿ ಮರದಲ್ಲೂ ಒಂದೊಂದು ಕರಿಕಟ್ಟಿದ, ಸುಕ್ಕುಗಟ್ಟಿದ ಮಾವಿನಕಾಯಿ ನೇತಾಡುತ್ತಿತ್ತು. ದೃಷ್ಟಿಗೆ ಅಂತ ಬಿಟ್ಟದ್ದು. ನೋಡುವವರ ಕಣ್ಣು ಮೊದಲು ಆ ಕೆಟ್ಟ ಕಾಯಿಯ ಮೇಲೆ ಬಿದ್ದರೆ ಉಳಿದ ಫಸಲು ಬಚಾವು ಅಂತ ಅವಳ ಅತ್ತೆ ಕಲಿಸಿಕೊಟ್ಟಿದ್ದಳಂತೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಡೀ ತೋಟದ ರೋಗದ ಬೀಜವನ್ನು ಮರಕ್ಕೊಂದರಂತೆ ಜೋಪಾನವಾಗಿ ಕಟ್ಟಿಟ್ಟಿದ್ದರು. ಮಳೆ ಬಂದಾಗ ಆ ಕಾಯಿಯಿಂದ ತೊಟ್ಟಿಕ್ಕಿದ ನೀರು ಕೆಳಗಿನ ಎಲೆ, ಹೂ, ಕಾಯಿಗೆಲ್ಲ ಬೂಷ್ಟು ಹಂಚುತ್ತಿತ್ತು.

"ತಗೀರಿ ಇವನ್ನೆಲ್ಲ" ಅಂತ ಕಿರುಚಿದೆ.

ಹುಲಿಗೆಮ್ಮ ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಳು. "ಔಷಧ ಹೊಡೀರಿ, ಟೊಂಗಿ ಕಡೀರಿ, ನಾ ಏನೂ ಅನ್ನೂದಿಲ್ಲ. ದೃಷ್ಟಿ ಕಾಯಿ ಮುಟ್ಟಬ್ಯಾಡ್ರಿ. ಆ ಕಡಿ ಯಾರ್ಡಿನೋರು, ಈ ಕಡಿ ಯಾರ್ಡಿನೋರು ದಿನಾ ನನ್ನ ತೋಟಾನ ನೋಡ್ತಾರ."

ನಾನು ವಿಜ್ಞಾನ ಹೇಳಿದೆ, ಬೈದೆ, ಬೇಡಿಕೊಂಡೆ. ಅವಳು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಸೋತು ಕೂತಾಗ, ಅಷ್ಟೊತ್ತು ಬೀಡಿ ಸೇದುತ್ತಾ ಮಜಾ ನೋಡುತ್ತಿದ್ದ ಗಾಳೆಪ್ಪ ಬಾಯಿ ಬಿಟ್ಟ. "ದೃಷ್ಟಿಗೆ ಕಾಯಿನ ಆಗಬೇಕೇನು? ನಮ್ಮ ಗಣ್ಯಾಗ ಒಡದ ಹೆಲ್ಮೆಟ್ ರಾಶಿ ಬಿದ್ದಾವ. ಮಾರಿ ಬರದು ಕಟ್ಟಿದ್ರ ಯಾವ ಕಣ್ಣು ತಡೀತಾವ?"

ಹುಲಿಗೆಮ್ಮ ತಲೆ ಎತ್ತಿ ದೃಷ್ಟಿ ಕಾಯಿಯನ್ನೊಮ್ಮೆ ನೋಡಿ, "ಮೀಸಿ ಬರೀರಿ ಮತ್ತ" ಅಂದಳು. ಒಂದು ವಾರದಲ್ಲಿ ನಲವತ್ತು ಮರಕ್ಕೆ ನಲವತ್ತು ಹಳದಿ ಹೆಲ್ಮೆಟ್ ಬಂದವು. ಸುಣ್ಣದಲ್ಲಿ ಕಣ್ಣು, ಮಸಿಯಲ್ಲಿ ಮೀಸೆ. ದೃಷ್ಟಿ ಕಾಯಿಗಳೆಲ್ಲ ಗುಂಡಿಗೆ ಬಿದ್ದು ಮಣ್ಣಾದವು. ನೀವು ಕೆಲಸಕ್ಕೆ ಸೇರಿದಾಗ ರೈತರ ನಂಬಿಕೆ ಕಿತ್ತು ಹಾಕಲು ಹೋಗಬೇಡಿ, ಬದಲಿಗೆ ಏನಾದರೂ ಕೊಡಿ. ನನಗೆ ಇದು ಹೊಳೆಯಲಿಲ್ಲ, ಮರ ಕಡಿಯಬೇಕು ಅನ್ನುತ್ತಿದ್ದವನಿಗೆ ಹೊಳೆಯಿತು.

ಮುಂದಿನದು ನನ್ನದೇ ಪೆದ್ದತನ. ಹೂ ಬಿಡುವ ಮೊದಲು ಮೈಲುತುತ್ತು ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಎಲೆಯ ಮೇಲೆ ಅದಿರಿನ ಧೂಳು ಒಂದು ಪದರ ಕೂತಿತ್ತು, ಅದರ ಮೇಲೆ ಔಷಧ ಹೊಡೆದರೆ ಧೂಳಿಗೆ ಔಷಧ, ಎಲೆಗೆ ಏನೂ ಇಲ್ಲ. ರಸ್ತೆಗೆ ನೀರು ಹೊಡೆಯುವ ಗಣಿಯ ಟ್ಯಾಂಕರನ್ನು ಗಾಳೆಪ್ಪನೇ ಒಂದು ಮುಂಜಾನೆ ತೋಟಕ್ಕೆ ತಿರುಗಿಸಿಕೊಂಡು ಬಂದ. ಮರಗಳು ಸ್ನಾನ ಮಾಡಿ ಹಸಿರಾದವು. ಎಷ್ಟೋ ವರ್ಷದ ಮೇಲೆ ಎಲೆಯ ಬಣ್ಣ ಕಂಡೆ ಅಂತ ಹುಲಿಗೆಮ್ಮ ಮರದಿಂದ ಮರಕ್ಕೆ ಓಡಾಡಿದಳು.

ಎಲೆ ಆರಿದ ಮೇಲೆ ದ್ರಾವಣ ಕಲಸಲು ಕೂತೆವು. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ಗಾಳೆಪ್ಪ ಡೀಸೆಲ್ಲಿನ ಡ್ರಮ್ಮು ತಂದಿದ್ದ, ಅದನ್ನು ಬಿಡಿಸಿ ಪ್ಲಾಸ್ಟಿಕ್ ಡ್ರಮ್ಮು ತರಿಸಿದೆ. ಅಲ್ಲಿಯವರೆಗೆ ಜಾಣತನವೇ. ಕಲಸಿದ ಮೇಲೆ ಕುಡುಗೋಲನ್ನು ಅದ್ದಿ ನೋಡಬೇಕು. ಮೈಲುತುತ್ತಿನ ತಾಮ್ರ ಕೂತು ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ಅದ್ದಿದೆ, ಕೆಂಪು. ಸುಣ್ಣ ಹಾಕಿಸಿದೆ. ಮತ್ತೆ ಅದ್ದಿದೆ, ಮತ್ತೆ ಕೆಂಪು. ಮತ್ತೆ ಸುಣ್ಣ. ತಂದ ಸುಣ್ಣವೆಲ್ಲ ಮುಗಿಯಿತು, ಪಕ್ಕದ ಮನೆಯಿಂದಲೂ ತರಿಸಿದೆ. ಹೊಡೆದಾದ ಮೇಲೆ ನೋಡಿದರೆ ಹತ್ತು ಮರ ಬೆಳ್ಳಗೆ ಗೋಡೆಯ ಹಾಗೆ ನಿಂತಿದ್ದವು.

"ಮರಕ್ಕ ಸುಣ್ಣ ಬಳದ್ರಲ್ರೀ ಮೇಡಂರ, ತೋಟದಾಗ ಯಾರದರ ಮದುವಿ ಐತೇನು?" ಅಂದ ಗಾಳೆಪ್ಪ. ಆಮೇಲೆ ಕುಡುಗೋಲನ್ನು ತನ್ನ ಪಂಚೆಗೆ ಒರೆಸಿ ತೋರಿಸಿದ. ಅದು ತಾಮ್ರದ ಕೆಂಪಲ್ಲ, ಬಂಡ್ರಿಯ ಧೂಳಿನ ಕೆಂಪು. ಅಲ್ಲಿ ಎಲ್ಲ ಕುಡುಗೋಲೂ ಮೊದಲೇ ಕೆಂಪಗಿದ್ದವು. ಪುಸ್ತಕ ಬರೆದವರಿಗೆ ಸಂಡೂರು ಗೊತ್ತಿರಲಿಲ್ಲ, ಸಂಡೂರು ಗೊತ್ತಿದ್ದ ನನಗೆ ಬುದ್ಧಿ ಇರಲಿಲ್ಲ. ಉಳಿದ ಮೂವತ್ತು ಮರಕ್ಕೆ ಅಲಗನ್ನು ತಿಕ್ಕಿ ತೊಳೆದು ಸರಿಯಾಗಿ ಕಲಸಿ ಹೊಡೆದೆವು.

ಹಿರಿಯ ಸಾಹೇಬರು ತೋಟ ನೋಡಲು ಬಂದವರು ಹತ್ತು ಬಿಳೀ ಮರಗಳನ್ನೂ, ಮೀಸೆ ಹೊತ್ತ ಹೆಲ್ಮೆಟ್ಟುಗಳನ್ನೂ ನೋಡಿ, "ಇವರೆಲ್ಲ ಯಾರಮ್ಮ?" ಅಂತ ಕೇಳಿದರು. "ಹೆಚ್ಚುವರಿ ಸಿಬ್ಬಂದಿ ಸರ್" ಅಂದೆ. ಅವರು ನಗು ತಡೆಯಲಾರದೆ ಅತ್ತ ತಿರುಗಿ ನಿಂತರು. ಹೋಗುವಾಗ ಮಾತ್ರ, "ಕೊಯ್ಲಾದ ಮೇಲೆ ಬಿಸಿನೀರಿನಲ್ಲಿ ಅದ್ದೋದು ಮರೀಬೇಡ. ಐವತ್ತೆರಡು ಡಿಗ್ರಿ, ಹತ್ತು ನಿಮಿಷ. ಸಿಪ್ಪೆಯೊಳಗೆ ಮಲಗಿರೋದು ಅದಕ್ಕೇ ಸಾಯೋದು" ಅಂತ ಎರಡು ಸಲ ಹೇಳಿದರು.

ಆ ವರ್ಷ ಹೂ ಚೆನ್ನಾಗಿ ಕಚ್ಚಿತು. ಬೇಸಿಗೆ ನಡುವೆ ಕೊಯ್ಲಿಗೆ ಬಂದಾಗ ಇನ್ನೊಂದು ಹೋರಾಟ. ಬಂಡ್ರಿಯಲ್ಲಿ ಕಾಯಿಯನ್ನು ತೊಟ್ಟು ಮುರಿದು, ಸೊನೆ ಸುರಿಯುವ ತುದಿಯನ್ನು ಮಣ್ಣಿಗೆ ತಿಕ್ಕಿ ಇಡುವ ರೂಢಿ. ಸೊನೆ ಬೇಗ ಒಣಗುತ್ತದೆ ಅಂತ. ತೊಟ್ಟು ಕೊಳೆಗೆ ಬಾಗಿಲು ತೆಗೆದು ಒಳಗೆ ಬಾ ಅಂದ ಹಾಗೆ. ನಾನು ಎರಡು ಬೆರಳು ತೊಟ್ಟು ಬಿಟ್ಟು ಕತ್ತರಿಯಲ್ಲಿ ಕೊಯ್ಯಿಸಿದೆ, ಆಮೇಲೆ ನೆರಳಲ್ಲಿ ತೊಟ್ಟು ಚಿಕ್ಕದಾಗಿ ಕತ್ತರಿಸಿ, ಗೋಣಿಯ ಮೇಲೆ ಬೋರಲು ಹಾಕಿ ಸೊನೆ ಇಳಿಸಿದೆ. ಕೊಯ್ಯಲು ಬಂದ ಹೆಂಗಸರು, "ಕಾಯಿ ಕೊಯ್ಯಾಕ ಬಂದೀವೋ, ಹೂವಿನ ಹಾರ ಕಟ್ಟಾಕ ಬಂದೀವೋ" ಅಂತ ಗೊಣಗಿದರು. ನನ್ನ ಕೈಯ ಚರ್ಮ ಸೊನೆಗೆ ಸುಟ್ಟು ಸುಲಿಯಿತು. ಆ ಸೋಮವಾರ ಸಾಹೇಬರು ನನ್ನ ಕೈ ನೋಡಿ ಏನೂ ಅನ್ನದೆ ಮುಂದೆ ಹೋದರು, ಅದೇ ಅವರ ಶಹಬ್ಬಾಸ್.

ಇನ್ನು ಬಿಸಿನೀರು. ಅಷ್ಟು ಕಾಯಿ ಅದ್ದಲು ಪಾತ್ರೆ ಎಲ್ಲಿಂದ ತರುವುದು? ನನಗೆ ಕಂಪ್ಲಿಯ ಬೆಲ್ಲ ಕಾಯಿಸುವ ಕೊಪ್ಪರಿಗೆ ನೆನಪಾಯಿತು. ನಮ್ಮ ತವರಿನ ಬೀದಿಯ ಜಡೆಪ್ಪಣ್ಣ ಆಲೆಮನೆಯಲ್ಲಿ ಮೂವತ್ತು ವರ್ಷ ಬೆಲ್ಲ ಕಾಯಿಸಿದವನು. ಪಾಕದ ಹದವನ್ನು ಬೆರಳಲ್ಲಿ ಹಿಡಿದು ಹೇಳುವ ಮನುಷ್ಯ. ಬೇಸಿಗೆಯಲ್ಲಿ ಅವನ ಕೊಪ್ಪರಿಗೆ ಖಾಲಿ ಇತ್ತು. ಗಾಳೆಪ್ಪನಿಗೆ ಗುರುತಿದ್ದ ಡ್ರೈವರೊಬ್ಬ ಖಾಲಿ ಲಾರಿಯಲ್ಲಿ ಆ ಕಡೆಯಿಂದ ಬರುವವನಿದ್ದ. ಕೊಪ್ಪರಿಗೆಯನ್ನೂ, ಅದರ ಪಕ್ಕದಲ್ಲಿ ರಾಜನ ಹಾಗೆ ಕೂತ ಜಡೆಪ್ಪಣ್ಣನನ್ನೂ ಬಂಡ್ರಿಗೆ ತಂದು ಇಳಿಸಿದ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಥರ್ಮಾಮೀಟರನ್ನು ಆಫೀಸಿನಲ್ಲೇ ಮರೆತು ಬಂದಿದ್ದೆ. ಒಲೆ ಉರಿಯುತ್ತಿತ್ತು, ಕಾಯಿ ಕಾಯುತ್ತಿದ್ದವು. "ತಂಗಿ, ಥರ್ಮಾಮೀಟರ್ ಯಾತಕ್ಕ? ಕೈ ಐತಲ್ಲ. ಕೈ ಇಟ್ರ ಚುರ್ ಅನಬೇಕು, ಅಷ್ಟ ತಾನ?" ಅಂದ ಜಡೆಪ್ಪಣ್ಣ. ಅವನ ಮಾತು ನಂಬಿದೆ. ಅವನು ಮೊಣಕೈವರೆಗೆ ಅದ್ದಿ, "ಇನ್ನ ಬರಬೇಕು" ಅಂದ. ಇನ್ನೂ ಉರಿ ಹಾಕಿದೆವು. ಮತ್ತೆ ಅದ್ದಿ, "ಈಗ ಚುರ್ ಅಂತು" ಅಂದ. ಬುಟ್ಟಿ ಇಳಿಸಿದೆವು. ಹತ್ತು ನಿಮಿಷಕ್ಕೆ ತೆಗೆದರೆ ಕಾಯೆಲ್ಲ ಬೆಂದು ಸಿಪ್ಪೆ ಸುಲಿದಿತ್ತು. ಮೂವತ್ತು ವರ್ಷ ಕುದಿಯುವ ಪಾಕ ಮುಟ್ಟಿದ ಕೈಗೆ ಚುರ್ ಅನ್ನುವ ನೀರು ಅಂದರೆ ಏನೆಂದು ನಾನು ಯೋಚಿಸಬೇಕಿತ್ತು. ಆ ಬುಟ್ಟಿಯ ಕಾಯಿಗೆ ಅದೇ ಜಡೆಪ್ಪಣ್ಣ ಬೆಲ್ಲ ಹಾಕಿ ಗೊಜ್ಜು ಮಾಡಿದ. ಇಡೀ ಓಣಿ ರೊಟ್ಟಿಗೆ ಹಚ್ಚಿಕೊಂಡು ತಿಂದಿತು. ಗಾಳೆಪ್ಪ ಬೆರಳು ನೆಕ್ಕುತ್ತಾ, "ಕೊಳಿ ರೋಗ ಅಂತೂ ಪೂರಾ ಹೋಗೇತಿ" ಅಂದ.

ಮರುದಿನ ಥರ್ಮಾಮೀಟರ್ ತಂದೆ. ನೀರು ಐವತ್ತೆರಡಕ್ಕೆ ಬಂದಾಗ ಹುಲಿಗೆಮ್ಮ ಮುಂಗೈ ತಾಗಿಸಿ ನೋಡಿ ತಲೆ ಅಲ್ಲಾಡಿಸಿದಳು. "ಇದು ನಮಗ ಗೊತ್ತಿರೋ ಹದ. ಬಾಣಂತಿಗಿ ಹಾಕೋ ನೀರಿಗಿಂತ ಒಂದು ತಟಕು ಮುಂದ" ಅಂದಳು. ಕೊಯ್ಯಲು ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿ ಹೌದೆಂದರು. ಬಾಣಂತಿಗೆ ನೀರು ಹಾಕಿ ಗೊತ್ತಿದ್ದವರು ಅಲ್ಲಿ ಏಳು ಜನ ಇದ್ದರು. ಅವರಿಗೆ ಬೆಂಕಿ ಹೆಚ್ಚು ಕಡಿಮೆ ಮಾಡುವುದು, ತಣ್ಣೀರು ಬೆರೆಸುವುದು ನಾನು ಹೇಳಿಕೊಡಬೇಕಾಗಲಿಲ್ಲ. ಥರ್ಮಾಮೀಟರ್ ಅವರನ್ನು ಪರೀಕ್ಷೆ ಮಾಡುತ್ತಿತ್ತೋ, ಅವರು ಥರ್ಮಾಮೀಟರನ್ನೋ ತಿಳಿಯುತ್ತಿರಲಿಲ್ಲ. ಎರಡು ದಿನ ಹಾಡು, ಹರಟೆ, ನಗು. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಾದ ಎರಡು ದಿನ ಬೇರೆ ಇಲ್ಲ. ಅದ್ದಿದ ಕಾಯಿಯನ್ನು ತಣ್ಣೀರಲ್ಲಿ ಆರಿಸಿ, ನೆರಳಲ್ಲಿ ಒಣಗಿಸಿ, ಎಲ್ಲವನ್ನೂ ಕಾಯಿಯಾಗಿಯೇ ಹೊಸಪೇಟೆ ಮಾರ್ಕೆಟ್ಟಿಗೆ ಕಳಿಸಿದೆವು.

ಎಲ್ಲವನ್ನೂ ಅಲ್ಲ. ಗಾಳೆಪ್ಪ ಒಂದೊಂದು ಬುಟ್ಟಿಯಿಂದ ಆರಿಸಿ ಇಪ್ಪತ್ತು ಕಾಯಿ ತೆಗೆದಿಟ್ಟ. ತನ್ನ ಮಂಚದ ಕೆಳಗೆ ಭತ್ತದ ಹುಲ್ಲು ಹಾಸಿ ಹಣ್ಣಾಗಲು ಮುಚ್ಚಿಟ್ಟ. "ಒಂಬತ್ತನೇ ದಿನ ಮೇಡಂರ ಮುಂದ ತಗೀತೀನಿ. ಯಾರೂ ಮುಟ್ಟಬ್ಯಾಡ್ರಿ. ಹತ್ತನೇ ದಿನ ಯಾರ್ಡಿನವ ಜಾಗ ಕೇಳಾಕ ಬರ್ತಾನ, ಹೂಂ ಅನ್ನೂದೋ ಉಹುಂ ಅನ್ನೂದೋ ಈ ಇಪ್ಪತ್ತು ಹೇಳ್ತಾವ" ಅಂದ. ಹುಲಿಗೆಮ್ಮ ಆ ಎಂಟು ದಿನ ಮಂಚದ ಕೋಣೆಯಲ್ಲಿ ಕಸ ಹೊಡೆಯಲಿಲ್ಲವಂತೆ, ಕೈ ತಾಗಿ ಏನಾದರೂ ಆದೀತು ಅಂತ.

ಒಂಬತ್ತನೇ ದಿನ ನಾನು ಮೊದಲ ಬಸ್ಸಿಗೇ ಹೋದೆ. ಗಾಳೆಪ್ಪ ಮನೆಯಲ್ಲಿರಲಿಲ್ಲ. ಹುಲಿಗೆಮ್ಮ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ ಕಾಯುತ್ತಿದ್ದಳು. "ನೀವ ತಗೀರಿ ಮೇಡಂರ, ನನಗ ಧೈರ್ಯ ಸಾಲವಲ್ದು" ಅಂದಳು. ನಾನು ಮಂಚದ ಕೆಳಗೆ ಬಗ್ಗಿ ಹುಲ್ಲು ಸರಿಸಿದೆ. ಒಂದು ಹಣ್ಣೂ ಇರಲಿಲ್ಲ. ಇನ್ನೊಂದು ಮೂಲೆ ಸರಿಸಿದೆ, ಅಲ್ಲೂ ಬರೀ ಹುಲ್ಲು.

ಹುಲಿಗೆಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. "ಕೆಟ್ಟಾವ. ಎಲ್ಲಾ ಕೆಟ್ಟಾವ. ನನಗ ತೋರಸಬಾರ್ದು ಅಂತ ಒಯ್ದು ಚೆಲ್ಯಾರ" ಅಂದಳು. ಸಮಾಧಾನ ಹೇಳುತ್ತೇನೆ ಅಂತ ಒಪ್ಪಿದ್ದವಳು ನಾನೇ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆ ನಲವತ್ತು ಮರಗಳು ಬಿದ್ದ ಹಾಗೆ ಕಣ್ಣಿಗೆ ಕಟ್ಟಿತು, ಅಳು ಬಂತು.

ಹಿತ್ತಲಿನಿಂದ ಗಾಳೆಪ್ಪ ಬಂದ. ಕೈಯಲ್ಲಿ ಮೊರ, ಮೊರದ ತುಂಬ ತೊಳೆದ ಮಾವಿನ ವಾಟೆಗಳು. ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತ.

"ಹಣ್ಣು ಎಲ್ಲ್ಯಾವ?" ಅಂದೆ.

"ಆರನೇ ದಿನ ವಾಸನಿ ಬಂತ್ರಿ" ಅಂದ ಗಾಳೆಪ್ಪ, ತಲೆ ತಗ್ಗಿಸಿ. "ಕೊಳತಾವೇನು ನೋಡೂನು ಅಂತ ಒಂದು ತಗದೆ. ಚಲೋ ಇತ್ತು. ಒಂದು ಚಲೋ ಇದ್ರ ಎಲ್ಲಾ ಚಲೋ ಅಂತ ಹೆಂಗ ಹೇಳೂದು? ಇನ್ನೊಂದು ನೋಡಿದೆ. ಅದೂ ಚಲೋ. ಕಡೀಕೆರ ಒಂದು ಸಿಕ್ಕೀತು ಅಂತ ನೋಡಕೋತ ಹೋದೆ. ಇಪ್ಪತ್ತೂ ನೋಡಿದೆ ಮೇಡಂರ. ಒಂದರಾಗೂ ಕೊಳಿ ಸಿಗಲಿಲ್ಲ."

ನನಗೆ ಬಂದ ಸಿಟ್ಟಿಗೆ ಪಾರವೇ ಇರಲಿಲ್ಲ. ಬೈಯಲು ಎದ್ದು ನಿಂತೆ, ಆದರೆ ಅಳು ನಗೆಯಾಗಿ ಬಾಯಿಗೆ ಅಡ್ಡ ಬಂತು. ಹುಲಿಗೆಮ್ಮ ಮಾತ್ರ ಕೂತಲ್ಲೇ ಕೂತು ಮೊರದಲ್ಲಿದ್ದ ವಾಟೆಗಳನ್ನೇ ನೋಡುತ್ತಿದ್ದಳು. ಕಣ್ಣೊರೆಸಿಕೊಂಡಳು.

"ಇಪ್ಪತ್ತರಾಗ ನನಗ ಒಂದರ ಇಡಬಾರದಿತ್ತಾ?" ಅಂದಳು.

ಗಾಳೆಪ್ಪ ಮೊರವನ್ನು ಅವಳ ಮುಂದೆ ಇಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ಮುಂದಿನ ವರ್ಷ ತಿನ್ನೀಯಂತ ತಗೋ" ಅಂದ. "ಮರ ಎಲ್ಲಿ ಹೋಗ್ತಾವ?"